ಶೇಕ್ಸ್‌ಪಿಯರ್‌ನನ್ನು ಮಕ್ಕಳಿಗೆ ಮೊದಲು ಕೇಳಿಸಿ, ಆಮೇಲೆ ಓದಿಸಿ

ಪ್ರಶ್ನೆ: ನಾವು ದಾವಣಗೆರೆಯವರು. ಮಗಳು ಒಂಬತ್ತನೇ ತರಗತಿ, ಮಗ ಮೊದಲ ಪಿಯುಸಿ. ಇಬ್ಬರದೂ ಇಂಗ್ಲಿಷ್ ಮೀಡಿಯಂ, ಮನೆಮಾತು ಕನ್ನಡ. ಹಳೆಯ ಇಂಗ್ಲಿಷ್ ನಾಟಕ, ಕವಿತೆಗಳ ರುಚಿ ಹತ್ತಲಿ ಅಂತ ಶೇಕ್ಸ್‌ಪಿಯರ್ ಸಮಗ್ರ ಸಂಪುಟ ತಂದುಕೊಟ್ಟೆ. ಎರಡು ಪುಟ ಓದಿ ಮುಚ್ಚಿಟ್ಟರು. ನನಗೂ ಇಂಗ್ಲಿಷ್ ಅಷ್ಟಕ್ಕಷ್ಟೆ. ಎಲ್ಲಿಂದ ಶುರು ಮಾಡಲಿ? ಕನ್ನಡದಲ್ಲಿ ಹೇಳಿಕೊಟ್ಟರೆ ತಪ್ಪೇ? ಮೊದಲೇ ಸಿನಿಮಾ ತೋರಿಸಬಹುದೇ?

ಉತ್ತರ: ಆ ಸಂಪುಟವನ್ನು ಸದ್ಯಕ್ಕೆ ಕಪಾಟಿನಲ್ಲೇ ಇಡಿ. ಸಣ್ಣಕ್ಷರ, ಪುಟಕ್ಕೆ ಎರಡು ಅಂಕಣ, ಹಾಳೆಯ ಹಿಂದಿನ ಅಚ್ಚು ಮುಂದೆ ಕಾಣುವಷ್ಟು ತೆಳು ಕಾಗದ. ಅದನ್ನು ಮುಚ್ಚಿಟ್ಟದ್ದು ಮಕ್ಕಳ ತಪ್ಪಲ್ಲ. ಶೇಕ್ಸ್‌ಪಿಯರ್ ಈ ನಾಟಕಗಳನ್ನು ಬರೆದದ್ದು ನಟರ ಬಾಯಿಗೆ. ಅವನು ತೀರಿಕೊಂಡದ್ದು 1616ರಲ್ಲಿ, ನಾಟಕಗಳನ್ನೆಲ್ಲ ಒಟ್ಟುಮಾಡಿದ ದೊಡ್ಡ ಪುಸ್ತಕ ಬಂದದ್ದು ಏಳು ವರ್ಷದ ಮೇಲೆ, 1623ರಲ್ಲಿ. ಅಲ್ಲಿಯವರೆಗೆ ಈ ಮಾತುಗಳನ್ನು ಜನ ಹೆಚ್ಚಾಗಿ ಕೇಳಿಯೇ ತಿಳಿದವರು. ನಿಮ್ಮ ಮಕ್ಕಳಿಗೂ ಅದೇ ದಾರಿ ಸುಲಭ.

ಕನ್ನಡದಲ್ಲಿ ಹೇಳಿಕೊಡುವುದು ತಪ್ಪೇ ಎಂಬ ಅಳುಕನ್ನು ಮೊದಲು ಬಿಡಿ. ಗಮಕ ವಾಚನ ಕೇಳಿದ್ದೀರಲ್ಲ. ಒಬ್ಬರು ಕುಮಾರವ್ಯಾಸನ ಪದ್ಯ ಹಾಡುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡುತ್ತಾರೆ. ಹಳಗನ್ನಡ, ನಡುಗನ್ನಡ ಒಂದಕ್ಷರ ಓದಲು ಬಾರದವರೂ ಭಾರತ ಕೇಳಿ ಕಣ್ಣೀರು ಹಾಕಿದ್ದು ಈ ಕ್ರಮದಿಂದಲೇ. ನಾಲ್ಕು ಶತಮಾನದ ಹಿಂದಿನ ಇಂಗ್ಲಿಷಿಗೆ ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲ. ಮಗ ಸಾಲು ಓದಲಿ, ಕಥೆ ತಿಳಿದ ನೀವು ವ್ಯಾಖ್ಯಾನಕಾರರಾಗಿ. ವ್ಯಾಖ್ಯಾನ ಮಾಡುವವರಿಗೆ ಇಂಗ್ಲಿಷ್ ಮಾತಾಡಲು ಬರಬೇಕಿಲ್ಲ. ಮುಂದಿನ ದೃಶ್ಯದಲ್ಲಿ ಏನಾಗುತ್ತದೆ, ಯಾರಿಗೆ ಯಾರ ಮೇಲೆ ಏನು ಸಿಟ್ಟು ಅನ್ನುವುದು ಗೊತ್ತಿದ್ದರೆ ಸಾಕು.

ನಾಟಕ ಯಾವುದು? ಎಲ್ಲರೂ ರೋಮಿಯೋ ಜೂಲಿಯೆಟ್ ಅನ್ನುತ್ತಾರೆ, ಹರೆಯದವರ ಕಥೆಯಲ್ಲವೇ ಅಂತ. ನನ್ನ ಅಭಿಪ್ರಾಯದಲ್ಲಿ ನಮ್ಮ ಕಡೆಯ ಮಕ್ಕಳಿಗೆ ಮೊದಲ ನಾಟಕ ಮ್ಯಾಕ್‌ಬೆತ್. ಅವನ ದುರಂತ ನಾಟಕಗಳಲ್ಲಿ ಇದೇ ಅತಿ ಚಿಕ್ಕದು, ಸುಮಾರು 2,100 ಸಾಲು. ಹ್ಯಾಮ್ಲೆಟ್ ಹೆಚ್ಚುಕಡಿಮೆ ಇದರ ಎರಡರಷ್ಟು. ಉಪಕಥೆಗಳಿಲ್ಲ, ಗುಂಡು ಹೊಡೆದ ಹಾಗೆ ನೇರ ಹೋಗುತ್ತದೆ. ಅದಕ್ಕಿಂತ ಮುಖ್ಯ, ಕಥೆ ನಮಗೆ ಹೊಸದಲ್ಲ. ಯುದ್ಧ ಗೆದ್ದು ಬಂದ ದಳವಾಯಿ, ಗಾದಿಯ ಆಸೆ, ಚುಚ್ಚಿಕೊಡುವ ಹೆಂಡತಿ, ಅತಿಥಿಯಾಗಿ ಮನೆಗೆ ಬಂದ ದೊರೆಯನ್ನು ರಾತ್ರಿ ನಿದ್ದೆಯಲ್ಲೇ ಮುಗಿಸುವುದು, ಆಮೇಲೆ ಒಂದು ಕೊಲೆ ಮುಚ್ಚಲು ಇನ್ನೊಂದು. ಚಿತ್ರದುರ್ಗದ ದಳವಾಯಿ ಮುದ್ದಣ್ಣನ ದಂಗೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕೇ? ತ.ರಾ.ಸು. ಅದನ್ನೇ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಕಾದಂಬರಿಗಳಲ್ಲಿ ಕಟ್ಟಿಕೊಟ್ಟರು. ನಾಟಕದಲ್ಲಿ ಬರುವ ‘ಥೇನ್’ ಎಂಬ ಪದವಿಗೆ ಪಾಳೆಯಗಾರ ಎಂದು ಅರ್ಥ ಹೇಳಿ, ಮಕ್ಕಳು ಮರುಪ್ರಶ್ನೆ ಕೇಳುವುದಿಲ್ಲ. ಸಾಧ್ಯವಾದರೆ ಒಂದು ಭಾನುವಾರ ದುರ್ಗದ ಕೋಟೆ ಹತ್ತಿಸಿ, ಮೇಲೆ ಕೂತು ಸ್ಕಾಟ್ಲೆಂಡಿನ ಕಥೆಯನ್ನು ಪೂರ್ತಿ ಕನ್ನಡದಲ್ಲಿ ಹೇಳಿಬಿಡಿ. ಕೊನೆ ಮೊದಲೇ ಗೊತ್ತಾದರೆ ಕುತೂಹಲ ಹೋಗುತ್ತದೆ ಎಂಬ ಹೆದರಿಕೆ ಬೇಡ. ಕೀಚಕ ಸಾಯುತ್ತಾನೆ ಎಂದು ಗೊತ್ತಿದ್ದೇ ಜನ ಬೆಳಗಿನವರೆಗೆ ಬಯಲಾಟ ನೋಡುತ್ತಾರೆ.

ಚಾರ್ಲ್ಸ್ ಮತ್ತು ಮೇರಿ ಲ್ಯಾಂಬ್ ಬರೆದ ಕಥಾರೂಪದ ಪುಸ್ತಕ ಹಲವರ ಮನೆಯಲ್ಲಿರುತ್ತದೆ. ಅದು 1807ರದು, ಅದರ ವಾಕ್ಯಗಳೂ ಈಗಿನ ಮಕ್ಕಳಿಗೆ ಉದ್ದ, ಬಿಗಿ. ನೀವು ಓದಿಕೊಂಡು ಕನ್ನಡದಲ್ಲಿ ಹೇಳಲು ಒಳ್ಳೆಯದು, ಮಗಳ ಕೈಗೆ ಕೊಡಲು ಅಲ್ಲ.

ಇಡೀ ನಾಟಕ ಓದಿಸಬೇಡಿ. ಎಂಟು ತುಣುಕು ಸಾಕು: ಮೊದಲ ಅಂಕದ ಆರಂಭದ ಮಾಟಗಾತಿಯರು, ಮೂರನೇ ದೃಶ್ಯದಲ್ಲಿ ಅವರ ಭವಿಷ್ಯವಾಣಿ, ಐದನೆಯದರಲ್ಲಿ ಹೆಂಡತಿ ಪತ್ರ ಓದುವುದು, ಏಳನೆಯದರಲ್ಲಿ ಗಂಡ ಹಿಂದೇಟು ಹಾಕುವುದು, ಎರಡನೇ ಅಂಕದ ಎರಡನೇ ದೃಶ್ಯ, ಕೊಲೆಯಾದ ಮರುಕ್ಷಣ, ಮೂರನೇ ಅಂಕದ ಔತಣದಲ್ಲಿ ಕಾಣುವ ಪ್ರೇತ, ಐದನೇ ಅಂಕದ ನಿದ್ದೆನಡಿಗೆ, ಅದೇ ಅಂಕದ ಐದನೇ ದೃಶ್ಯದಲ್ಲಿ ಹೆಂಡತಿ ಸತ್ತ ಸುದ್ದಿ ಕೇಳಿ ಅವನಾಡುವ ಮಾತು. ವಾರಕ್ಕೊಂದು, ಒಂದು ಸಲಕ್ಕೆ ನಲವತ್ತು ನಿಮಿಷ ಮೀರದಂತೆ. ನಡುವಿನದನ್ನು ನೀವು ಬಾಯಲ್ಲಿ ಹೇಳಿ. ದ್ವಾರಪಾಲಕನ ಹಾಸ್ಯದಲ್ಲಿ ಪೋಲಿ ಮಾತಿದೆ, ಮಗಳಿದ್ದಾಗ ಬಿಟ್ಟು ಮುಂದೆ ಹೋದರೆ ಕಥೆಗೇನೂ ನಷ್ಟವಿಲ್ಲ.

ಪಠ್ಯ ಪುಕ್ಕಟೆ ಸಿಗುತ್ತದೆ. ಫೋಲ್ಜರ್ ಲೈಬ್ರರಿಯ ವೆಬ್‌ಸೈಟ್, ಪ್ರಾಜೆಕ್ಟ್ ಗುಟೆನ್‌ಬರ್ಗ್ ಎರಡರಲ್ಲೂ ಪೂರ್ತಿ ಇದೆ. ಬೇಕಾದ ದೃಶ್ಯವನ್ನಷ್ಟೇ ದೊಡ್ಡಕ್ಷರದಲ್ಲಿ, 14 ಪಾಯಿಂಟ್‌ಗೆ ಕಡಿಮೆಯಿಲ್ಲದಂತೆ, ಹಾಳೆಯ ಒಂದೇ ಮಗ್ಗುಲಿಗೆ ಪ್ರಿಂಟ್ ತೆಗೆಸಿ. ಬಲಗಡೆ ಮೂರು ಬೆರಳಗಲ ಖಾಲಿ ಬಿಡಿಸಿ, ಅಲ್ಲಿ ಮಕ್ಕಳು ಪೆನ್ಸಿಲ್‌ನಲ್ಲಿ ಕನ್ನಡ ಅರ್ಥ ಬರೆದುಕೊಳ್ಳಲಿ. ಒಬ್ಬೊಬ್ಬರಿಗೆ ಒಂದೊಂದು ಪ್ರತಿ ಬೇಕು. ಒಂದೇ ಪುಸ್ತಕಕ್ಕೆ ಇಬ್ಬರು ತಲೆ ತೂರಿಸಿದರೆ ಎದ್ದು ನಿಂತು ಓದುವುದು ಆಗುವುದಿಲ್ಲ. ಎಡಕ್ಕೆ ಮೂಲ, ಬಲಕ್ಕೆ ಈಗಿನ ಸರಳ ಇಂಗ್ಲಿಷ್ ಇರುವ ಪುಸ್ತಕಗಳೂ ಇವೆ. ಅವುಗಳಲ್ಲಿ ಕಣ್ಣು ತಾನಾಗಿ ಬಲಕ್ಕೇ ಜಾರುತ್ತದೆ, ಮೂಲದ ಕಡೆ ಹೊರಳುವುದೇ ಇಲ್ಲ. ಕೊಂಡಿದ್ದರೆ ಬಲಪುಟದ ಮೇಲೊಂದು ಹಾಳೆ ಮುಚ್ಚಿ, ಸಿಕ್ಕಿಕೊಂಡಾಗ ಮಾತ್ರ ಸರಿಸಿ.

ಕೊಲೆಯಾದ ಮರುಕ್ಷಣದ ದೃಶ್ಯವನ್ನು ಹತ್ತಿರದಿಂದ ನೋಡೋಣ. ನೂರು ಸಾಲಿನೊಳಗೆ ಮುಗಿಯುತ್ತದೆ, ಇಬ್ಬರೇ ಪಾತ್ರಧಾರಿಗಳು, ನಿಮ್ಮ ಮಕ್ಕಳಿಗೆ ಅಳತೆ ಕೊಟ್ಟು ಹೊಲಿಸಿದಂತಿದೆ. ಗಂಡ ಕತ್ತಲಲ್ಲಿ ಕೆಳಗಿಳಿದು ಬರುತ್ತಾನೆ.

‘ಐ ಹ್ಯಾವ್ ಡನ್ ದ ಡೀಡ್. ಡಿಡ್ಸ್ಟ್ ದೌ ನಾಟ್ ಹಿಯರ್ ಎ ನಾಯ್ಸ್?’
‘ಐ ಹರ್ಡ್ ದಿ ಔಲ್ ಸ್ಕ್ರೀಮ್ ಅಂಡ್ ದ ಕ್ರಿಕೆಟ್ಸ್ ಕ್ರೈ. ಡಿಡ್ ನಾಟ್ ಯೂ ಸ್ಪೀಕ್?’
‘ವೆನ್?’
‘ನೌ.’
‘ಆ್ಯಸ್ ಐ ಡಿಸೆಂಡೆಡ್?’

ಮೊದಲು ಇದನ್ನು ಮನೆಯ ಮಾತಿಗೆ ಇಳಿಸಲು ಹೇಳಿ. ಪುಸ್ತಕದ ಕನ್ನಡ ಬೇಡ, ದಾವಣಗೆರೆ ಮಾತೇ ಬರಲಿ. ‘ಮುಗಿಸ್ಬಿಟ್ಟೆ. ಏನಾದ್ರೂ ಸಪ್ಪಳ ಕೇಳ್ತೇನು ನಿಂಗೆ?’ ‘ಗೂಗೆ ಕಿರುಚ್ತು, ಜೀರುಂಡೆ ಕೂಗಿದ್ವು. ನೀವೇನಾದ್ರೂ ಅಂದ್ರಾ?’ ‘ಯಾವಾಗ?’ ‘ಈಗ.’ ‘ನಾ ಇಳಿಯೋವಾಗಾ?’ ಇಲ್ಲಿ ಮಕ್ಕಳಿಗೆ ಒಂದು ನಿಧಿ ಸಿಗುತ್ತದೆ. ಗಂಡ ‘ದೌ’ ಅನ್ನುತ್ತಾನೆ, ಹೆಂಡತಿ ‘ಯೂ’ ಅನ್ನುತ್ತಾಳೆ. ಒಂದು ನೀನು, ಇನ್ನೊಂದು ನೀವು. ಈಗಿನ ಇಂಗ್ಲಿಷಿನವರು ಈ ಭೇದ ಕಳೆದುಕೊಂಡಿದ್ದಾರೆ, ಅಲ್ಲಿಯ ಮಕ್ಕಳಿಗೆ ಇದನ್ನು ಟಿಪ್ಪಣಿ ಹಾಕಿ ಕಲಿಸಬೇಕು. ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಅಪ್ಪ ಅಮ್ಮನಿಗೆ ನೀನು ಅನ್ನುವುದನ್ನೂ ಅಮ್ಮ ಅಪ್ಪನಿಗೆ ನೀವು ಅನ್ನುವುದನ್ನೂ ಕೇಳಿಯೇ ಬೆಳೆದವರು. ಹಾಗಂತ ಇದು ಎಲ್ಲ ಕಡೆ ಒಂದೇ ಸಮ ನಡೆಯುವುದಿಲ್ಲ. ಸಿಟ್ಟು ಬಂದಾಗ, ಪ್ರೀತಿ ಉಕ್ಕಿದಾಗ, ಕೀಳಾಗಿ ಕಾಣುವಾಗ ಪಾತ್ರಗಳು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತವೆ. ಆ ಜಿಗಿತ ಎಲ್ಲೆಲ್ಲಿ ಎಂದು ಹುಡುಕಲು ಬಿಡಿ. ನಮ್ಮಲ್ಲಿ ಜಗಳ ಹತ್ತಿದಾಗ ‘ನೀವು’ ಥಟ್ಟನೆ ‘ನೀನು’ ಆಗುವುದು ಗೊತ್ತಿರುವವರಿಗೆ ಇದೇನು ದೊಡ್ಡ ಕೆಲಸವಲ್ಲ.

ಇನ್ನೊಂದು ಸೂಕ್ಷ್ಮ ಇದೆ. ‘ಡಿಡ್ ನಾಟ್ ಯೂ ಸ್ಪೀಕ್’ ಎಂಬಲ್ಲಿಂದ ‘ಡಿಸೆಂಡೆಡ್’ವರೆಗಿನ ನಾಲ್ಕು ಚೂರು ಮಾತು ಸೇರಿದರೆ ಪದ್ಯದ ಒಂದೇ ಸಾಲು. ಹೊಸಬರು ಇಲ್ಲಿ ಭಯ ತೋರಿಸಲು ಪ್ರತಿ ಮಾತಿನ ನಡುವೆ ತಡೆಯುತ್ತಾರೆ. ತಡೆದರೆ ಸಾಲು ಒಡೆಯುತ್ತದೆ, ಭಯವೂ ಹೋಗುತ್ತದೆ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಹಿಡಿಯಬೇಕು, ಬಾಯಿಂದ ಬಾಯಿಗೆ ಕೆಂಡ ದಾಟಿಸಿದ ಹಾಗೆ. ಮೊದಲು ನಿಲ್ಲಿಸಿ ನಿಲ್ಲಿಸಿ ಓದಿಸಿ, ಆಮೇಲೆ ತಡೆಯಿಲ್ಲದೆ ಓದಿಸಿ. ವ್ಯತ್ಯಾಸ ಮಕ್ಕಳಿಗೇ ಕೇಳಿಸುತ್ತದೆ.

ಲಯದ ವಿಷಯದಲ್ಲಿ ಕನ್ನಡದ ಮಕ್ಕಳು ಎಡವುವುದು ಎರಡೇ ಕಡೆ, ಎರಡಕ್ಕೂ ಕಾರಣ ನಮ್ಮ ಭಾಷೆಯಲ್ಲೇ ಇದೆ. ಶೇಕ್ಸ್‌ಪಿಯರ್‌ನ ಸಾಮಾನ್ಯ ಸಾಲಿನಲ್ಲಿ ಹತ್ತು ಉಚ್ಚಾರಾಂಶ, ಐದು ಪೆಟ್ಟು. ಮೆಲ್ಲಗೆ-ಜೋರು, ಮೆಲ್ಲಗೆ-ಜೋರು ಎಂದು ಐದು ಸಲ. ‘ಬಟ್ ಸಾಫ್ಟ್, ವಾಟ್ ಲೈಟ್ ಥ್ರೂ ಯಾಂಡರ್ ವಿಂಡೋ ಬ್ರೇಕ್ಸ್’ ಎಂಬ ರೋಮಿಯೋನ ಸಾಲು ಇದಕ್ಕೆ ಅಚ್ಚುಕಟ್ಟಾದ ಮಾದರಿ. ಪೆಟ್ಟು ಬೀಳುವುದು ಸಾಫ್ಟ್, ಲೈಟ್, ಯಾನ್, ವಿನ್, ಬ್ರೇಕ್ಸ್ ಮೇಲೆ. ನಾವು ಬಸ್ಸು, ಲೈಟು, ನೈಟು ಎಂದು ಕೊನೆಗೊಂದು ಉಕಾರ ಸೇರಿಸುವ ಜನ. ಅದೇ ಅಭ್ಯಾಸದಲ್ಲಿ ‘ಸಾಫ್ಟು, ಲೈಟು, ಬ್ರೇಕ್ಸು’ ಎಂದರೆ ಹತ್ತಿದ್ದದ್ದು ಹದಿಮೂರಾಗಿ ಸಾಲು ಕುಂಟುತ್ತದೆ. ಎಡಗೈ ಬೆರಳಿಂದ ಮೆಲ್ಲಗಿನದು, ಬಲ ಅಂಗೈಯಿಂದ ಜೋರಿನದು ಮೇಜಿನ ಮೇಲೆ ತಟ್ಟಿಸಿ. ಹೆಚ್ಚಿಗೆ ಬಂದ ಉಕಾರಕ್ಕೆ ಕೈಯಲ್ಲಿ ಜಾಗವೇ ಇರುವುದಿಲ್ಲ, ತಾನಾಗಿ ಉದುರುತ್ತದೆ. ಇದೊಂದನ್ನು ಬಿಟ್ಟು ಮಕ್ಕಳ ಉಚ್ಚಾರಣೆಯನ್ನು ತಿದ್ದಲು ಹೋಗಬೇಡಿ. ಬಿಬಿಸಿಯವರ ಹಾಗೆ ಮಾತಾಡಿಸುವುದು ಇಲ್ಲಿಯ ಗುರಿಯಲ್ಲ.

ಎರಡನೆಯದು ಪ್ರಸ್ತಾರದ ಅಭ್ಯಾಸ. ಶಾಲೆಯಲ್ಲಿ ಷಟ್ಪದಿಗೆ ಲಘು-ಗುರು ಹಾಕಿ ಕೈ ಪಳಗಿದ ಹುಡುಗಿ ‘ವಿಂಡೋ’ ಕಂಡರೆ ಎರಡೂ ಗುರು ಅನ್ನುತ್ತಾಳೆ, ಒಂದರಲ್ಲಿ ಅನುಸ್ವಾರ, ಇನ್ನೊಂದರಲ್ಲಿ ದೀರ್ಘ. ನಮ್ಮ ಲೆಕ್ಕಕ್ಕೆ ಅದು ಸರಿಯೇ. ಆದರೆ ಕನ್ನಡ ಅಳೆಯುವುದು ಅಕ್ಷರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು, ಇಂಗ್ಲಿಷ್ ಅಳೆಯುವುದು ಎಷ್ಟು ಒತ್ತು ಬೀಳುತ್ತದೆ ಎಂಬುದನ್ನು. ‘ಡೋ’ ಎಷ್ಟೇ ಉದ್ದವಿದ್ದರೂ ಅಲ್ಲಿ ಪೆಟ್ಟಿಲ್ಲ. ಈ ಒಂದು ಮಾತು ತಲೆಗೆ ಹೋದರೆ ಮುಂದಿನ ದಾರಿ ಸಲೀಸು. ಆಮೇಲೆ ಮಾಟಗಾತಿಯರ ‘ಡಬಲ್, ಡಬಲ್, ಟಾಯ್ಲ್ ಅಂಡ್ ಟ್ರಬಲ್’ ತಟ್ಟಿಸಿ. ಅಲ್ಲಿ ಪೆಟ್ಟು ಮೊದಲು, ಸಾಲಿಗೆ ನಾಲ್ಕೇ. ಮನುಷ್ಯರ ಲಯವೇ ಬೇರೆ, ಅವರ ಲಯವೇ ಬೇರೆ. ಇನ್ನು ನಿದ್ದೆನಡಿಗೆಯ ದೃಶ್ಯಕ್ಕೆ ಬಂದಾಗ ತಟ್ಟಲು ಹೋದರೆ ಕೈ ತಡವರಿಸುತ್ತದೆ, ಯಾಕೆಂದರೆ ಅದು ಗದ್ಯ. ಮನಸ್ಸು ಮುರಿದವಳ ಬಾಯಲ್ಲಿ ಪದ್ಯವೂ ಮುರಿದಿದೆ. ಇದನ್ನು ನೀವು ಹೇಳಬೇಡಿ, ಕೈಗಳೇ ಕಂಡುಕೊಳ್ಳಲಿ.

ಸಾಲಿನ ಕೊನೆಗೆ ನಿಲ್ಲುವುದು ಇನ್ನೊಂದು ಚಾಳಿ. ಕುಮಾರವ್ಯಾಸನ ಷಟ್ಪದಿಯಲ್ಲಿ ಸಾಲಿನ ತುದಿಯಲ್ಲಿ ಪದವೇ ತುಂಡಾಗಿ ಮುಂದಿನ ಸಾಲಿಗೆ ಹೋಗಿರುತ್ತದೆ. ಗಮಕಿ ಅಲ್ಲಿ ನಿಲ್ಲುವುದಿಲ್ಲ, ಅರ್ಥ ನಿಂತಲ್ಲಿ ನಿಲ್ಲುತ್ತಾನೆ. ಇಲ್ಲೂ ಅಷ್ಟೇ. ಇದಕ್ಕೆ ರಂಗದವರ ಒಂದು ಅಭ್ಯಾಸವಿದೆ: ಓದುತ್ತಾ ನಡೆಯುವುದು, ಅಲ್ಪವಿರಾಮ ಪೂರ್ಣವಿರಾಮ ಬಂದಲ್ಲಿ ಮಾತ್ರ ದಿಕ್ಕು ಬದಲಿಸುವುದು. ಹಿಂದೇಟು ಹಾಕುವ ಮ್ಯಾಕ್‌ಬೆತ್‌ನ ಮಾತಿನಲ್ಲಿ ಹಾಲ್‌ನಲ್ಲಿ ಗಿರಗಿಟ್ಲೆ ಸುತ್ತಬೇಕಾಗುತ್ತದೆ. ಅವನ ತಲೆಯೊಳಗಿನ ಗೊಂದಲ ಕಾಲಿಗೆ ಗೊತ್ತಾಗುತ್ತದೆ.

ಕೆಟ್ಟುಹೋಗುವುದು ಎಲ್ಲಿ ಎಂದರೆ ಹೆಚ್ಚಾಗಿ ಪದಾರ್ಥದಲ್ಲಿ. ಪ್ರತಿ ಪದಕ್ಕೂ ಅರ್ಥ ಹೇಳಲು ಕೂತರೆ ಹತ್ತು ಸಾಲಿಗೆ ಗಂಟೆ ಹೋಗುತ್ತದೆ, ಜೀವವೂ ಹೋಗುತ್ತದೆ. ಒಂದು ಸಲಕ್ಕೆ ಆರು ಪದ ಆರಿಸಿ, ಅವಿಲ್ಲದೆ ದೃಶ್ಯ ನಡೆಯುವುದೇ ಇಲ್ಲ ಎಂಬಂಥವನ್ನು. ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆ ಅನ್ನಿಸುವ ಪದ ಹೆಚ್ಚು ಮೋಸ ಮಾಡುತ್ತದೆ. ‘ವೇರ್‌ಫೋರ್’ ಎಂದರೆ ಎಲ್ಲಿ ಅಲ್ಲ, ಯಾಕೆ. ಜೂಲಿಯೆಟ್ ಕೇಳುವುದು ರೋಮಿಯೋ ಎಲ್ಲಿದ್ದಾನೆ ಅಂತಲ್ಲ. ವೈರಿ ಮನೆಯ ಆ ಹೆಸರು ನಿನಗೇ ಯಾಕಿರಬೇಕಿತ್ತು ಅಂತ. ‘ಪ್ರೆಸೆಂಟ್ಲಿ’ ಎಂದರೆ ಆಗ ತಕ್ಷಣ ಎಂದರ್ಥ. ಅವನು ಹುಟ್ಟಿದ ವರ್ಷ, ಊರು, ನಾಟಕಗಳ ಪಟ್ಟಿಯಿಂದ ಶುರು ಮಾಡುವುದೂ, ದೃಶ್ಯ ಮುಗಿದ ಕೂಡಲೇ ಪ್ರಶ್ನೆ ಕೇಳಿ ಅಂಕ ಕೊಡುವುದೂ ಮನೆಯಲ್ಲಿ ಬೇಡವೇ ಬೇಡ.

ಕವಿತೆಗೆ ನಮ್ಮಲ್ಲಿ ಸಿದ್ಧ ಸೇತುವೆಗಳಿವೆ. ಶಾಲೆಯ ಪ್ರಾರ್ಥನೆಯಲ್ಲಿ ಹಾಡುವ ‘ಕರುಣಾಳು ಬಾ ಬೆಳಕೆ’ ಇಂಗ್ಲಿಷಿನದು ಎಂಬುದು ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ. ನ್ಯೂಮನ್ ಅದನ್ನು ಬರೆದದ್ದು 1833ರಲ್ಲಿ, ಬಿ.ಎಂ.ಶ್ರೀ. ಅದನ್ನು ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಕನ್ನಡಕ್ಕೆ ತಂದರು. ಎರಡನ್ನೂ ಅಕ್ಕಪಕ್ಕ ಇಡಿ. ನ್ಯೂಮನ್ ಅನ್ನುವುದು ‘ಲೀಡ್ ದೌ ಮಿ ಆನ್’, ನನ್ನನ್ನು ಮುಂದೆ ನಡೆಸು ಅಂತಷ್ಟೇ. ಕನ್ನಡದಲ್ಲಿ ‘ಕೈಹಿಡಿದು ನಡೆಸೆನ್ನನು’. ಆ ಕೈ ಎಲ್ಲಿಂದ ಬಂತು? ಇಂಗ್ಲಿಷಿನಲ್ಲಿ ‘ರಾತ್ರಿ ಕತ್ತಲಾಗಿದೆ’ ಎಂದಿರುವಲ್ಲಿ ಶ್ರೀಯವರು ‘ಇರುಳು ಕತ್ತಲೆಯ ಗವಿ’ ಅನ್ನುತ್ತಾರೆ. ಗವಿ ಮೂಲದಲ್ಲಿಲ್ಲ. ಯಾವುದು ಹೆಚ್ಚು ಚೆನ್ನ ಎಂದು ಅಣ್ಣ ತಂಗಿ ಜಗಳ ಆಡಲಿ. ಕವಿತೆಯನ್ನು ಅಕ್ಷರ ಅಕ್ಷರ ಓದಿಸಲು ಇದಕ್ಕಿಂತ ಒಳ್ಳೆಯ ನೆಪ ಸಿಗದು.

ಹಾಗೆಯೇ ಬ್ರೌನಿಂಗ್‌ನ ಇಲಿ ಹಿಡಿಯುವ ಕೊಳಲಿನವನು, 1842ರದು; ಕುವೆಂಪು ಅವನನ್ನು ತುಂಗಾ ತೀರಕ್ಕೆ ಕರೆತಂದು ಕಿಂದರಿಜೋಗಿ ಮಾಡಿದರು. ಬ್ರೌನಿಂಗ್‌ನಲ್ಲಿ ಅದು ಜರ್ಮನಿಯ ವೇಸರ್ ನದಿ. ಮಗಳು ಕನ್ನಡದ್ದನ್ನು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿರಬಹುದು. ಮೂಲದ ಸುಮಾರು ಮುನ್ನೂರು ಸಾಲಿನಲ್ಲಿ ಇಲಿಗಳ ಹಾವಳಿಯ ಭಾಗವನ್ನು ಅವಳೇ ಜೋರಾಗಿ ಓದಲಿ, ಕುವೆಂಪು ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು ಎಂದು ಗುರುತು ಹಾಕಲಿ.

ಪ್ರಕೃತಿ ಕವಿತೆಗಳಿಂದ ಶುರು ಮಾಡಬೇಡಿ. ‘ನಿನ್ನನ್ನು ಬೇಸಿಗೆಯ ದಿನಕ್ಕೆ ಹೋಲಿಸಲೇ’ ಎಂದು ಶೇಕ್ಸ್‌ಪಿಯರ್‌ನ 18ನೇ ಸಾನೆಟ್ ಶುರುವಾಗುತ್ತದೆ. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯ ಡಾಂಬರು ರಸ್ತೆಯಲ್ಲಿ ಸೈಕಲ್ ತುಳಿದ ಹುಡುಗನಿಗೆ ಅದು ಬೈಗುಳದ ಹಾಗೆ ಕೇಳಿಸುತ್ತದೆ. ಅಲ್ಲಿಯ ಬೇಸಿಗೆ ಎಂದರೆ ಎಳೆಬಿಸಿಲು, ಹೂವು, ಬಹುಬೇಗ ಮುಗಿದುಹೋಗುವ ಸುಖ. ನಮ್ಮ ಲೆಕ್ಕದಲ್ಲಿ ಕಾರ್ತಿಕ ಕಳೆದ ಮೇಲಿನ ಮುಂಜಾವಿದ್ದ ಹಾಗೆ. ಇದನ್ನು ಹೇಳಿಯೇ ಆ ಪದ್ಯಕ್ಕೆ ಕೈ ಹಾಕಬೇಕು. ಮೊದಲಿಗೆ ಕಥೆಯಿರುವ, ಮಾತಾಡುವ ಕವಿತೆ ಆರಿಸಿ. ಶೆಲ್ಲಿಯ ‘ಓಜಿಮ್ಯಾಂಡಿಯಸ್’ (1818) ಹದಿನಾಲ್ಕೇ ಸಾಲು: ಮರಳುಗಾಡಿನಲ್ಲಿ ಮುರಿದುಬಿದ್ದ ರಾಜನ ವಿಗ್ರಹ, ಪೀಠದ ಮೇಲೆ ಅವನ ಜಂಬದ ಬರಹ. ಅದರಲ್ಲಿ ಮೂರು ದನಿಗಳಿವೆ: ಕವಿ, ಪ್ರಯಾಣಿಕ, ರಾಜ. ಮೂರು ಬಣ್ಣದ ಪೆನ್ಸಿಲ್‌ನಲ್ಲಿ ಬೇರೆ ಮಾಡಿ ಮೂವರು ಓದಿ. ದುರ್ಗಕ್ಕೆ ಹೋದ ದಿನ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವನ್ನೂ ತೋರಿಸಿ. ಅದು ಕೆರೆ ಕಟ್ಟಿಸಿದ ಶಾಸನ. ಎರಡು ಬಂಡೆ ಬರಹಗಳ ಅಂತರವನ್ನು ಮಕ್ಕಳೇ ಹೇಳುತ್ತಾರೆ. ಮಗನಿಗೆ ಬ್ರೌನಿಂಗ್‌ನ ‘ಮೈ ಲಾಸ್ಟ್ ಡಚೆಸ್’ ಕೊಡಿ, 56 ಸಾಲು. ಗೋಡೆಯ ಮೇಲಿನ ಹೆಂಡತಿಯ ಚಿತ್ರ ತೋರಿಸುತ್ತಾ ನಯವಾಗಿ ಮಾತಾಡುವ ಒಬ್ಬ ಶ್ರೀಮಂತ, ತಾನೇನು ಮಾಡಿದೆ ಎಂಬುದನ್ನು ಬಾಯಿಜಾರಿ ಹೇಳಿಬಿಡುತ್ತಾನೆ. ಆ ಬಾಯಿಜಾರಿದ ಸಾಲು ಯಾವುದೆಂದು ಅವನೇ ಪತ್ತೆ ಹಚ್ಚಲಿ.

ಸಿನಿಮಾ ತೋರಿಸಿ, ಆದರೆ ದೃಶ್ಯವನ್ನು ತಾವು ಆಡಿದ ಮೇಲೆ. ಮೊದಲೇ ನೋಡಿದರೆ ಆ ನಟನ ಮುಖ, ಆ ನಟನ ದನಿ ಅಂಟಿಕೊಳ್ಳುತ್ತದೆ. ಹಾಸ್ಯ ನಾಟಕಕ್ಕೆ ಈ ಕಟ್ಟು ಬೇಕಿಲ್ಲ. ‘ಉಲ್ಟಾ ಪಲ್ಟಾ’ ನೋಡಿ ನಕ್ಕವರಿಗೆ ‘ಕಾಮೆಡಿ ಆಫ್ ಎರರ್ಸ್’ ಅರ್ಧ ಬಂದಂತೆಯೇ. ಮ್ಯಾಕ್‌ಬೆತ್‌ಗೆ ಕುರೊಸಾವಾನ 1957ರ ಜಪಾನಿ ಚಿತ್ರ ‘ಥ್ರೋನ್ ಆಫ್ ಬ್ಲಡ್’ ಮಗನಿಗೆ ತೋರಿಸಿ. ಸ್ಕಾಟ್ಲೆಂಡಿನ ಕಥೆ ಜಪಾನಿಗೆ ಹೋಗಬಹುದಾದರೆ ದುರ್ಗಕ್ಕೇಕೆ ಬರಬಾರದು ಎಂದು ಅವನಿಗೇ ಹೊಳೆಯುತ್ತದೆ. ಜೊತೆಗೆ ನಿಜವಾದ ರಂಗವನ್ನೂ ತೋರಿಸಿ. ನವೆಂಬರ್ ಹೊತ್ತಿಗೆ ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಲ್ಲಿ ನಾಟಕೋತ್ಸವ ನಡೆಯುತ್ತದೆ. ಚಳ್ಳಕೆರೆ, ಮೊಳಕಾಲ್ಮುರು ಕಡೆ ಬಯಲಾಟ ಇದ್ದರೆ ಅದಕ್ಕೂ ಕರೆದೊಯ್ಯಿರಿ. ಗಂಡಸರೇ ಹೆಣ್ಣುಪಾತ್ರ ಮಾಡುವುದು, ಪರದೆಯ ಚಿತ್ರಗಳಿಲ್ಲದೆ ಮಾತಿನಲ್ಲೇ ಕಾಡು, ಅರಮನೆ ಕಟ್ಟುವುದು, ಇವೆಲ್ಲ ಶೇಕ್ಸ್‌ಪಿಯರ್‌ನ ಗ್ಲೋಬ್ ರಂಗದಲ್ಲೂ ಇದ್ದವು. ಅಲ್ಲಿ ಆಟ ನಡೆದದ್ದು ಹಾಡುಹಗಲಲ್ಲಿ. ಅದಕ್ಕೇ ಕೊಲೆಗೆ ಮುಂಚೆ ಒಬ್ಬ ‘ಚಂದ್ರ ಮುಳುಗಿದ’ ಎಂದು ಬಾಯಿಬಿಟ್ಟು ಹೇಳಬೇಕಾಯಿತು.

ಮ್ಯಾಕ್‌ಬೆತ್ ಆದ ಮೇಲೆ ‘ಜೂಲಿಯಸ್ ಸೀಸರ್’ನ ಶವದ ಮುಂದಿನ ಎರಡು ಭಾಷಣಗಳು. ಬ್ರೂಟಸ್‌ನದು ಗದ್ಯ, ಆಂಟನಿಯದು ಪದ್ಯ. ಅಕ್ಕಪಕ್ಕದ ಮನೆಯ ನಾಲ್ಕು ಮಕ್ಕಳನ್ನು ಸೇರಿಸಿ ಗುಂಪು ಮಾಡಿದರೆ ಚುನಾವಣಾ ಸಭೆಯೇ ಎದ್ದು ನಿಲ್ಲುತ್ತದೆ. ರೋಮಿಯೋ ಜೂಲಿಯೆಟ್ ಅದರ ನಂತರ ಬರಲಿ.

ಗುಂಪಿನಲ್ಲಿ ಒಬ್ಬರಾದರೂ ಓದಲು ನಾಚುವವರು ಇರುತ್ತಾರೆ, ನಿಮ್ಮ ಮಗಳೇ ಇರಬಹುದು. ಒತ್ತಾಯ ಬೇಡ. ಕೊಲೆಯ ದೃಶ್ಯದಲ್ಲಿ ಹೊರಗಿನಿಂದ ಬಾಗಿಲು ಬಡಿಯುವ ಸದ್ದು ಮತ್ತೆ ಮತ್ತೆ ಬರುತ್ತದೆ, ಆ ಕೆಲಸ ಅವಳಿಗೆ ಕೊಡಿ. ಕೋಣೆಯ ಆಚೆ ನಿಂತು ಹಾಳೆ ಹಿಡಿದು, ಸರಿಯಾದ ಸಾಲು ಬಂದಾಗ ಬಾಗಿಲಿನ ಮರಕ್ಕೆ ಗುದ್ದಬೇಕು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಅದಕ್ಕೆ ಅವಳು ಪ್ರತಿ ಸಾಲನ್ನೂ ಕಿವಿಗೊಟ್ಟು ಕೇಳಲೇಬೇಕು. ಒಳಗಿದ್ದ ಇಬ್ಬರು ಬೆಚ್ಚಿಬಿದ್ದದ್ದು ತನ್ನ ಕೈಯಿಂದ ಎಂದು ಕಂಡಮೇಲೆ, ಮುಂದಿನ ವಾರ ನಿದ್ದೆನಡಿಗೆಯ ಪಾತ್ರ ಯಾರಿಗೆ ಎಂದು ಅವಳನ್ನೇ ಮೊದಲು ಕೇಳಿ.